ಹಿಂದಿನ ಸೀಟಿನ ಮುದುಕ

ಅರಕಲಗೂಡಿನಲ್ಲಿ ಚಿಕ್ಕಲಕ್ಷ್ಮಮ್ಮನ ಹಿಂದೆ ಹತ್ತಿದ ಮುದುಕ ಹೊಳೆನರಸೀಪುರದಲ್ಲೂ ಅವಳ ಹಿಂದೆಯೇ ಇಳಿದ. ಇಳಿದವನು ಎಲ್ಲಿಗೂ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತು, ಚಿಕ್ಕಲಕ್ಷ್ಮಮ್ಮ ಯಾವ ಬಸ್ಸಿನ ಕಡೆ ತಿರುಗುತ್ತಾಳೆ ಎಂದು ನೋಡತೊಡಗಿದ.

ಬಸ್ಸಿನಲ್ಲೂ ಹಾಗೆಯೇ. ಅಷ್ಟೊಂದು ಸೀಟು ಖಾಲಿ ಬಿದ್ದಿದ್ದರೂ ಅವಳ ಬೆನ್ನ ಹಿಂದಿನದನ್ನೇ ಆರಿಸಿ ಕೂತಿದ್ದ. ಟಿಕೆಟ್ಟಿಗೆ ಬಂದ ಕಂಡಕ್ಟರನ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದ. ಕಂಡಕ್ಟರ್ ಕತ್ತು ತಿರುಗಿಸಿ ಅವಳನ್ನು ನೋಡಿ, ಆಗಲಿ ಎನ್ನುವಂತೆ ತಲೆಯಾಡಿಸಿದ್ದ. ಇಬ್ಬರೂ ಒಂದೇ ಗುಂಪಿನವರಿರಬೇಕು ಎಂದುಕೊಂಡು ಅವಳು ಸರವನ್ನು ಸೆರಗಿನೊಳಗೆ ತಳ್ಳಿ ಪಿನ್ನು ಹಾಕಿಕೊಂಡಿದ್ದಳು.

ಅವಳೇನು ಗೊತ್ತುಗುರಿಯಿಲ್ಲದೆ ಹೊರಟವಳಲ್ಲ. ಹಿರೀಸಾವೆಯಲ್ಲಿ ಗಂಡ ಕಾಯುತ್ತಿದ್ದ. ದನದ ಆಸ್ಪತ್ರೆಯ ನೌಕರಿ ಅವನನ್ನು ಎಲ್ಲಿಗೂ ಅಲ್ಲಾಡಲು ಬಿಟ್ಟಿರಲಿಲ್ಲ. ಎಲ್ಲಾದರೂ ಹೋಗೋಣ ಎಂದು ಅವಳು ಬಾಯಿ ತೆರೆದಾಗಲೆಲ್ಲ, ರಿಟೈರಾಗಲಿ ತಡಿ, ಊರೂರು ಸುತ್ತಿಸ್ತೀನಿ ಎಂದು ಹೇಳಿ ಸುಮ್ಮನಾಗಿಸುತ್ತಿದ್ದ. ಈಗ ರಿಟೈರಾಗಿತ್ತು. ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡೂ ಇಲ್ಲ. ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ಅವನು ನಿಂತಿರುವುದು ಕಣ್ಣಿಗೆ ಕಟ್ಟಿದಂತಿತ್ತು: ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕಪ್ಪು ಕ್ರಾಪು, ತಿದ್ದಿದ ಮೀಸೆ. ತಡವಾದರೆ ಕಾದು ಕಾದು ಒಬ್ಬನೇ ಹೊರಟುಬಿಟ್ಟಾನು. ಅವಳಿಗೆ ಇದ್ದ ಭಯ ಅದೊಂದೇ. ಈಗ ಅದರ ಜೊತೆಗೆ ಈ ಬೋಳುತಲೆಯವನು.

ಅವನಿಂದ ತಪ್ಪಿಸಿಕೊಳ್ಳಲು ಎದುರಿಗಿದ್ದ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು. ಮುದುಕ ಓಡಿಬಂದು ಬಾಗಿಲಿಗೆ ಅಡ್ಡ ನಿಂತ.

“ಇದು ಹಾಸನದ್ದು ಕಣಮ್ಮ. ಚನ್ನರಾಯಪಟ್ಟಣದ್ದು ಆ ಕಡೀಕದೆ.”

ಅವಳು ಹಿಂದೆ ಸರಿದಳು. ಬೋರ್ಡು ನೋಡಿದಳು, ಹಾಸನದ್ದೇ. ಆದರೆ ತಾನು ಚನ್ನರಾಯಪಟ್ಟಣದ ಮೇಲೆ ಹೋಗುವುದು ಇವನಿಗೆ ಹೇಗೆ ಗೊತ್ತು? ಮೊದಲು ಉಪಕಾರ ಮಾಡಿ ಪರಿಚಯ ಬೆಳೆಸುವುದು, ಆಮೇಲೆ ಬ್ಯಾಗಿಗೆ ಕೈಹಾಕುವುದು; ಈ ಆಟವೆಲ್ಲ ಅವಳೂ ಕೇಳಿ ಬಲ್ಲಳು. ಮಾತಾಡದೆ ಆ ಕಡೆಯ ಬಸ್ಸು ಹತ್ತಿ, ಹೆಂಗಸೊಬ್ಬಳ ಪಕ್ಕಕ್ಕೆ ಒತ್ತಿಕೊಂಡು ಕೂತಳು. ಮುದುಕ ಮತ್ತೆ ಹಿಂದಿನ ಸೀಟಿಗೇ ಬಂದ.

ಪಕ್ಕದವಳು ದಂಡಿಗನಹಳ್ಳಿಯ ಮಾದಮ್ಮ. ಪಟ್ಟಣದಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಬಸ್ಸು ಊರು ದಾಟುವುದರೊಳಗೆ ಮಗಳ ಅತ್ತೆಯ ಗುಣಗಳನ್ನೆಲ್ಲ ಒಪ್ಪಿಸಿ ಮುಗಿಸಿದ್ದಳು. ಅವಳ ಮಾತಿಗೆ ಹೂಂಗುಡುತ್ತ ಚಿಕ್ಕಲಕ್ಷ್ಮಮ್ಮ ಡಬ್ಬಿ ಬಿಚ್ಚಿದಳು. ಚಿತ್ರಾನ್ನ. ಉಪ್ಪು ಮುಂದಾಗಿತ್ತು. ಅವಳ ಕೈ ಎಂದೂ ಅಷ್ಟು ಉಪ್ಪು ಹಾಕಿದ್ದಲ್ಲ. ಹಿಂದೆಯೂ ಡಬ್ಬಿ ಬಿಚ್ಚಿದ ಸದ್ದಾಯಿತು. ಓರೆಗಣ್ಣಲ್ಲಿ ನೋಡಿದರೆ ಅಲ್ಲೂ ಚಿತ್ರಾನ್ನ.

ಅವಳು ಡಬ್ಬಿಯಿಂದ ಕೈ ಹಿಂದೆಳೆದುಕೊಂಡಳು. ಸ್ಟ್ಯಾಂಡಿನಲ್ಲಿ ಬ್ಯಾಗು ಕೆಳಗಿಟ್ಟಾಗ ಇವನು ಕೈಯಾಡಿಸಿರಬೇಕು. ತನ್ನದರಲ್ಲೇ ಅರ್ಧ ತೆಗೆದುಕೊಂಡು, ಉಳಿದದ್ದಕ್ಕೆ ಏನಾದರೂ ಬೆರೆಸಿದ್ದರೆ? ಡಬ್ಬಿ ಮುಚ್ಚಿ, ಮಾದಮ್ಮನ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದಳು.

“ನಾನೂ ನೋಡ್ತಾನೇ ಇವ್ನಿ,” ಎಂದಳು ಮಾದಮ್ಮ. “ನಿನ್ ಮೇಲಿಂದ ಕಣ್ಣೇ ತೆಗೀತಿಲ್ವಲ್ಲ ಆ ಮುದೇವಿ. ಕಾಡು ಬಾ ಅನ್ನೋ ವಯಸ್ನಾಗೆ ಬೇಕಿತ್ತಾ ಇವ್ನಿಗೆ? ಇಳೀಲಿ ತಡಿ, ಪಟ್ಟಣದಾಗೆ ಪೊಲೀಸಮ್ಮ ಇರ್ತಾಳೆ.”

ಪೊಲೀಸಮ್ಮ ಇದ್ದಳು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಡ್ಯೂಟಿಯಲ್ಲಿದ್ದ ವರ್ಷಾ ಎಂಬ ಹುಡುಗಿ. ಮಾದಮ್ಮ ಇದ್ದದ್ದರ ಮೇಲೆ ಇನ್ನಷ್ಟು ಸೇರಿಸಿ ದೂರು ಹೇಳಿದಳು. ವರ್ಷಾ ಮುದುಕನಿಗೆ ಅಲ್ಲೇ ನಿಲ್ಲೆಂದು ಕೈ ತೋರಿಸಿ, ಚಿಕ್ಕಲಕ್ಷ್ಮಮ್ಮನನ್ನು ವಿಚಾರಿಸಿಕೊಂಡಳು. ಹಿರೀಸಾವೆಗೆ, ಯಜಮಾನರ ಹತ್ತಿರಕ್ಕೆ. ಫೋನು? ಅದು ಅವರ ಬಳಿಯೇ ಇದೆ.

“ನಿಮ್ಮ ಯಜಮಾನರ ಹೆಸರೇನಮ್ಮ? ಹಿರೀಸಾವೇಲಿ ಯಾರಿಗಾದ್ರೂ ಹೇಳಿ ಹುಡುಕಿಸ್ತೀನಿ.”

ಚಿಕ್ಕಲಕ್ಷ್ಮಮ್ಮ ಬಾಯಿ ತೆರೆದಳು. ಮುಚ್ಚಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ತಲೆ ತಗ್ಗಿಸಿದಳು.

“ಗಂಡನ ಹೆಸ್ರ ಬಾಯ್ಬಿಟ್ಟು ಹೇಳ್ತಾರೇನವ್ವ ನಮ್ ಕಾಲದೋರು?” ಎಂದು ಮಾದಮ್ಮ ನಡುವೆ ಬಂದಳು. “ನಾನೂ ಹೇಳಕಿಲ್ಲ. ಬೇರೆ ಏನಾರ ಕೇಳು.”

ವರ್ಷಾಳಿಗೆ ನಗು ಬಂತು. ತಮ್ಮಜ್ಜಿಯೂ ಅಷ್ಟೇ, ತಾತ ಹೋದ ಮೇಲೂ ಹೆಸರು ಹೇಳಲಿಲ್ಲ ಎಂದಳು. ಮತ್ತೆ ಕೇಳಲಿಲ್ಲ. ಚಿಕ್ಕಲಕ್ಷ್ಮಮ್ಮನಿಗೆ ಹೋದ ಉಸಿರು ಬಂದಂತಾಯಿತು.

ಅಷ್ಟರಲ್ಲಿ ಹಿರೀಸಾವೆ ಕಡೆಯ ಬಸ್ಸು ಬಂತು. ನೀವು ಹತ್ತಿ ಕೂತ್ಕೊಳ್ಳಿ, ಅವನನ್ನು ನಾನು ನೋಡ್ಕೋತೀನಿ ಎಂದು ವರ್ಷಾ ಅವಳನ್ನು ಕಿಟಕಿ ಪಕ್ಕ ಕೂರಿಸಿ ಇಳಿದಳು. ಚಿಕ್ಕಲಕ್ಷ್ಮಮ್ಮ ಕಿಟಕಿಯಿಂದ ನೋಡುತ್ತಲೇ ಇದ್ದಳು. ವರ್ಷಾ ಬೆರಳೆತ್ತಿ ಗದರಿಸುತ್ತಿದ್ದಳು. ಮುದುಕ ಓಡಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಮೆಲ್ಲಗೆ ಏನೋ ಹೇಳಿದ. ಎತ್ತಿದ ಬೆರಳು ಹಾಗೇ ಕೆಳಗಿಳಿಯಿತು. ಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಸ್ಸು ಹೊರಡಲು ಸದ್ದು ಮಾಡಿತು. ವರ್ಷಾ ಬಸ್ಸಿನ ಮೈ ತಟ್ಟಿ ನಿಲ್ಲಿಸಿದಳು. ಆಮೇಲೆ ತಾನೇ ಮುದುಕನ ರಟ್ಟೆ ಹಿಡಿದು ಹಿಂದಿನ ಬಾಗಿಲಿನಿಂದ ಹತ್ತಿಸಿದಳು.

ಪೊಲೀಸರೂ ಇವನ ಕಡೆಯೇ. ಚಿಕ್ಕಲಕ್ಷ್ಮಮ್ಮ ಬ್ಯಾಗನ್ನು ಎದೆಗೊತ್ತಿಕೊಂಡಳು. ಇನ್ನು ಸ್ವಲ್ಪವೇ ದಾರಿ. ಹಿರೀಸಾವೆಯಲ್ಲಿ ಇಳಿದ ಕೂಡಲೇ ಯಜಮಾನರು ಇವನ ಚರ್ಮ ಸುಲಿಯುತ್ತಾರೆ.

ಕೆಳಗೆ ನಿಂತ ಮಾದಮ್ಮ ಹಿಂದಿನ ಬಾಗಿಲ ಹತ್ತಿರ ಬಂದು, ಇರೋ ವಿಷಯ ಆಯಮ್ಮಂಗೆ ನಾನೇ ಹೇಳಿಬಿಡ್ಲಾ ಎಂದು ಮುದುಕನನ್ನು ಮೆಲ್ಲಗೆ ಕೇಳಿದಳು.

“ಬ್ಯಾಡ ಕಣವ್ವ, ಹೇಳಿದ್ರೆ ನಂಬಕಿಲ್ಲ, ಅಳ್ತಾಳೆ, ನಾನು ರಿಟೈರಾದಾಗಿಂದ ನನ್ನ ಹೆಂಡ್ತಿ ಇಂಗೇ ನನ್ನ ಹುಡುಕ್ಕಂಡು ಬಸ್ ಹತ್ತುತಾಳೆ, ನಾನೂ ಹಿಂದುಗಡೆ ಕೂತ್ಕಂಡು ಊರು ನೋಡ್ಕಂಡು ಬತ್ತೀನಿ.”