ಹೆಸರು ಹಿಡಿದು ಕರೆಯದವರು

"ಕ್ಯಾಬಿನ್‌ಗೆ ಬರಬೇಕಂತೆ," ಎಂದು ಪಕ್ಕದ ಮೇಜಿನ ನಿತಿನ್ ಗೋಡೆಗೆ ಹೇಳುವಂತೆ ಹೇಳಿ ಹೊರಟೇಬಿಟ್ಟ.

ವಿಂಧ್ಯಾ ಪೆನ್ನು ಕೆಳಗಿಟ್ಟು ಎದ್ದಳು. ಮೂರು ತಿಂಗಳ ಪ್ರೊಬೇಷನ್ ಇಂದಿಗೆ ಮುಗಿಯುತ್ತದೆ. ಖಾಯಂ ಮಾಡುವುದೋ ಮನೆಗೆ ಕಳಿಸುವುದೋ, ಮ್ಯಾನೇಜರ್ ಪ್ರಮೋದ್‌ಭಾಯ್ ಹೇಳಬೇಕು. ಕಳಿಸಿದರೆ ಧಾರವಾಡಕ್ಕೆ ಹೋಗಿ ಮನೆಯಲ್ಲಿ ಕೂರುತ್ತೇನೆಂದು ಮಾತು ಕೊಟ್ಟಾಗಿದೆ.

ಆ ಮಾತು ತೆಗೆದುಕೊಂಡವಳು ಸಮೀಕ್ಷಾ. ಧಾರವಾಡದ ಮನೆಯಲ್ಲಿ ಈಗ ಅವಳದೇ ಯಜಮಾನಿಕೆ. ದಿನಾ ಸಂಜೆ ಅವಳ ಫೋನು ತಪ್ಪುವುದಿಲ್ಲ.

"ಮಧ್ಯಾಹ್ನ ಉಂಡ್ಯಾ?"

"ಎಲ್ಲಾರ ಕೂಡ ಕುಂತು ಉಂಡೆ."

"ಸುಳ್ಳ ಹೇಳಬ್ಯಾಡ. ದನಿ ಕೇಳಿದ್ರ ತಿಳೀತೈತಿ. ನಿನ್ನ ವಯಸ್ಸಿಗೆ ಒಬ್ಬಾಕಿನೇ ಇರೂದು ಛಲೋ ಅಲ್ಲ. ಬಂದುಬಿಡು."

ಬಂದುಬಿಟ್ಟರೆ ಮುಂದೇನೆಂದು ವಿಂಧ್ಯಾಳಿಗೆ ಗೊತ್ತು. ಬಂದುಹೋಗುವವರಿಗೆ ಚಹಾ ಮಾಡಿಕೊಡಬೇಕು, ಇನ್ನೊಬ್ಬರು ಆರಿಸಿದ ಸೀರೆ ಉಡಬೇಕು, ಕೇಳಿ ಹೊರಗೆ ಹೋಗಬೇಕು. ಅವಳಿಗೆ ಅದು ಬೇಡ. ತನ್ನ ಸಂಬಳ, ತನ್ನ ಬೀಗ, ತನ್ನ ಹೊತ್ತು ಬೇಕು.

ಹಾಗಂತ ಇಲ್ಲಿ ಸುಖವಿತ್ತೆಂದಲ್ಲ. ಯೂನಿವರ್ಸಿಟಿಯಲ್ಲಿ ಕಾರಿಡಾರು ದಾಟುವಷ್ಟರಲ್ಲಿ ಹತ್ತು ಜನ ಮಾತಾಡಿಸುತ್ತಿದ್ದರು. ಬೀಳ್ಕೊಡುಗೆಯ ದಿನ ಅತ್ತು, ಕ್ಯಾಂಪಸ್ಸಿನ ವಸತಿ ಖಾಲಿ ಮಾಡಿ, ಅದೇ ಊರಿನ ಮಕರಪುರದ ಈ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ಆಫೀಸಿಗೆ ಬಂದಳು. ಆಫೀಸೆಂಬುದು ಅವಳ ಜೀವಮಾನದಲ್ಲಿ ಇದೇ ಮೊದಲು. ಬೆಳಿಗ್ಗೆ ಹಾಜರಿ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸುವುದಿಲ್ಲ. ಚಹಾದ ಗಂಟೆ ಬಾರಿಸಿದರೆ ಪುಸ್ತಕ ಎತ್ತಿಕೊಂಡು ಎದ್ದು ನಿಲ್ಲುತ್ತಾಳೆ, ಆಮೇಲೆ ತಾನೇ ನಾಚಿ ಕೂರುತ್ತಾಳೆ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಮೊದಲ ವಾರವೇ ಅವಳು ನಿತಿನ್‌ನ ರಿಪೋರ್ಟಿನ ತಪ್ಪುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟಿದ್ದಳು. ಅವನ ಮುಖ ಬಿಳಿಚಿಕೊಂಡಿತು. ಎಲ್ಲ ಕೆಟ್ಟದ್ದು ಅಲ್ಲಿಂದಲೇ ಇರಬೇಕು.

ಆಫೀಸಿನಲ್ಲಿ ಗುಜರಾತಿ ರೂಢಿಯಂತೆ ಗಂಡಸರೆಲ್ಲ 'ಭಾಯ್', ಹೆಂಗಸರೆಲ್ಲ 'ಬೆನ್', ಅಣ್ಣ ಅಕ್ಕ ಅಂದ ಹಾಗೆ. ನಿನ್ನೆ ಮೊನ್ನೆ ಬಂದ ಟೈಪಿಸ್ಟ್ ಕೂಡ ಆಶ್ರಿತಾಬೆನ್. ವಿಂಧ್ಯಾಳಿಗೊಬ್ಬಳಿಗೆ ಆ ಭಾಗ್ಯವಿಲ್ಲ. ಮಾತಾಡಲೇಬೇಕಾದರೆ ಅವಳ ಹೆಸರನ್ನೇ ನುಂಗಿ ಮಾತಾಡುತ್ತಾರೆ. ಊಟದ ಹೊತ್ತಿಗೆ ಉದ್ದ ಮೇಜಿನ ತುಂಬ ಡಬ್ಬಿಗಳು ಕೈಯಿಂದ ಕೈಗೆ ಓಡಾಡುತ್ತವೆ, ನಗೆ ಉಕ್ಕುತ್ತದೆ. ಅವಳು ಒಳಗೆ ಕಾಲಿಟ್ಟರೆ ಸದ್ದೇ ಅಡಗುತ್ತದೆ. ಅವಳು ಕಿಟಕಿ ಪಕ್ಕ ಕೂತು, ತನ್ನ ಚಿತ್ರಾನ್ನವನ್ನು ಬೇಗ ಬೇಗ ನುಂಗಿ ಎದ್ದು ಬರುತ್ತಾಳೆ. ಎಷ್ಟೋ ದಿನ ಅಳು ಬಂದದ್ದುಂಟು.

ಕ್ಯಾಬಿನ್ ಬಾಗಿಲು ತೆರೆದೊಡನೆ ಪ್ರಮೋದ್‌ಭಾಯ್ ಎದ್ದು ನಿಂತ. ಕೂರಲೇ ಇಲ್ಲ. ನಿಂತೇ ಮುಗಿಸುವ ಮಾತು, ಅಂದರೆ ನೌಕರಿ ಹೋಯಿತು, ಎಂದುಕೊಂಡಳು.

"ನೌಕರಿ ಖಾಯಂ," ಎಂದ ಅವನು, ಮೇಜು ನೋಡುತ್ತ. "ಆದರೆ ಹುಡುಗರದೊಂದು ದೂರಿದೆ. ನೀವು ಅವರ ಜೊತೆ ಊಟಕ್ಕೆ ಕೂರುವುದಿಲ್ಲವಂತೆ."

"ಯಾರು ಕರೆದಿದ್ದಾರೆ?" ಎಂದಳು ಅವಳು. "ಬಾಯಿ ತುಂಬ ಒಂದು ಸಲ 'ಬೆನ್' ಅಂದವರಿಲ್ಲ."

ಅವನು ತಲೆ ಕೆರೆದುಕೊಂಡ. "ಹೇಗೆ ಅನ್ನುವುದು? ನಿಮಗೆ ನಮ್ಮ ಮುಖ ನೆನಪಿರಲಿಕ್ಕಿಲ್ಲ, ಹಿಂದಿನ ಬೆಂಚಿನವರು. ಈ ಸೆಕ್ಷನ್ನಿನ ಅರ್ಧ ಜನ ನಿಮ್ಮ ಪೇಪರಿನಲ್ಲಿ ಒದ್ದಾಡಿ ಪಾಸಾದವರೇ, ನಾನೂ ಸೇರಿ. ನೀವು ರಿಟೈರಾದಿರಿ ಪ್ರೊಫೆಸರ್, ನಮ್ಮ ಭಯ ಇನ್ನೂ ರಿಟೈರಾಗಿಲ್ಲ."

ಆ ಮಧ್ಯಾಹ್ನ ಉದ್ದ ಮೇಜಿನ ಗದ್ದಲದ ನಡುವೆ, ನಿತಿನ್‌ನ ಡಬ್ಬಿಯ ಥೇಪ್ಲಾ ಅಗಿಯುತ್ತಲೇ ಅವಳು ಧಾರವಾಡಕ್ಕೆ ಫೋನು ಹಚ್ಚಿದಳು: "ಸಮೀಕ್ಷಾ, ನಿಮ್ಮವ್ವ ಪಾಸಾದ್ಲು!"