ಚೀಲಕ್ಕೆ ಬೆಲ್ಟು

“ಹಿಂದಿನ ಸೀಟು ಇಕ್ಕಟ್ಟಂತ! ಸುಳ್ಳ ಬೊಗಳಾಕತ್ತಾನ!” ತನ್ನಲ್ಲಿರುವಂಥದೇ ದುಬಾರಿ ಎಸ್‌ಯುವಿಯನ್ನು ಕಾರು ವಿಮರ್ಶಕನೊಬ್ಬ ತೆಗಳಿದ್ದ ವಿಡಿಯೊ ನೋಡಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಗೂಡುಸಾಬ ಕೆಂಡವಾದ. ಕಾರನ್ನು ಬದಿಗೆ ನಿಲ್ಲಿಸಿ, ಉತ್ತರದ ವಿಡಿಯೊ ತೆಗೆಯಲು ಹಿಂದೆ ಕುಳಿತಿದ್ದ ಹೆಂಡತಿಯ ಕಡೆ ಮೊಬೈಲ್ ಹಿಡಿದ. “ನೀನ ಹೇಳು ದೌಲತಬಿ, ಆರಾಮ ಐತಿ ಇಲ್ಲೋ?”

ಮುಂದಿನ ಸೀಟಿನಲ್ಲಿ ಎಂದಿನಂತೆ ಮೆಣಸಿನಕಾಯಿಯ ಮಾದರಿ ಚೀಲವಿತ್ತು. ತೊಟ್ಟು ಮುರಿಯಬಾರದೆಂದು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಚೀಲಕ್ಕೆ ಬೆಲ್ಟನ್ನೂ ಹಾಕಿದ್ದ. ದೌಲತಬಿಯ ಮೊಣಕಾಲುಗಳು ಆ ಸೀಟಿನ ಬೆನ್ನಿಗೆ ಒತ್ತಿಕೊಂಡಿದ್ದವು.

“ಅಂವ ಒಂದ ತಾಸು ಕುಂತು ಖರೇ ಹೇಳ್ಯಾನ. ಗಾಡಿ ತಗೊಂಡು ಎಂಟು ತಿಂಗಳಾತು, ನೀವು ಇವತ್ತ ಕೇಳಾಕತ್ತೀರಿ.”

ಅವಳು ಇಳಿದು ಮುಂದಿನ ಬಾಗಿಲು ತೆರೆದಳು. ಬೆಲ್ಟು ಬಿಚ್ಚಿ ಚೀಲವನ್ನು ಅವನ ತೊಡೆಯ ಮೇಲೆ ಒಗೆದಳು. ತೊಟ್ಟುಗಳು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಆಮೇಲೆ ಕುಳಿತು, ಕಾಲು ಚಾಚಿ, ಬೆಲ್ಟು ಹಾಕಿಕೊಂಡಳು.

“ಈಗ ತಗೀರಿ ವಿಡಿಯೊ.”