ಮುಲ್ಲೈಯಾರಿನಲ್ಲಿ ಮತ್ತೊಂದು ಮುಳುಗು

ಹಾರ್ಪರ್ ದೊರೆ ಮುತ್ತುಮಾರಿಯ ತಲೆಯನ್ನು ನೀರಿನೊಳಗೆ ಒತ್ತಿದ. ಮೂಗಿಗೆ ಕೆಸರು ನುಗ್ಗಿತು. ಕೆಮ್ಮುತ್ತ ಮೇಲೆದ್ದಾಗ ದಂಡೆಯಲ್ಲಿ ದೊರೆಸಾನಿಯ ಕ್ಯಾಮರಾ ಟಿಕ್ಕೆಂದಿತು.

"ಇನ್ನು ಮೇಲೆ ನಿನ್ನ ಹೆಸರು ರೂತ್," ಎಂದ ಮಿಷನ್ನಿನ ಉಪದೇಶಿ, ತಮಿಳಿನಲ್ಲಿ.

ಕೊಂಬೈ ಕೆರೆಯಲ್ಲಿ ಅವಳು ಸಾರಾಳ್ ಆಗಿದ್ದಳು. ಚಿನ್ನಮನೂರಿನ ಕಾಲುವೆಯಲ್ಲಿ ಮರಿಯಾಳ್. ಈಗ ಉತ್ತಮಪಾಳಯದ ಮುಲ್ಲೈಯಾರು ಹೊಳೆಯಲ್ಲಿ ರೂತ್. ಸೀರೆ ಮಾತ್ರ ಬೇರೆ ಬೇರೆ. ಬೊಟ್ಟು ಅಳಿಸಿದ ಹಣೆ ಅದೇ. ಒಂದೇ ಮಂದೆಯನ್ನು ಗಾಡಿಯಲ್ಲಿ ಹೇರಿಕೊಂಡು ಊರಿಂದೂರಿಗೆ ತರುತ್ತಿದ್ದವನು ಅವಳ ಮೈದುನ ಕಾಳಿಯಪ್ಪನ್. ದೊರೆಗೆ ತೋರಿಸಲು ಉಪದೇಶಿಗೆ ತಲೆಗಳು ಬೇಕು, ಮುಳುಗಿದವರಿಗೆ ಕೊಡುವ ಹಾಲುಪುಡಿಯ ಡಬ್ಬಗಳು ಕಾಳಿಯಪ್ಪನಿಗೆ ಬೇಕು. ದೊರೆಗೆ ಕಪ್ಪು ಮುಖಗಳೆಲ್ಲ ಒಂದೇ.

ಮುತ್ತುಮಾರಿಗೆ ಬೇಕಾದದ್ದು ದೊರೆಯ ಕಾರಿನಲ್ಲಿ ಒಂದು ಜಾಗ.

ಮಗಳು ವಳ್ಳಿಯ ಎಡಗಾಲು ಜ್ವರ ಬಂದು ಬತ್ತಿಹೋಗಿತ್ತು. ಬೇಸಿಗೆ ಮುಗಿಸಿ ಹೊರಡುವಾಗ ಒಂದು ಮಗುವನ್ನು ದಿಂಡಿಗಲ್ ಆಚೆಯ ದೊಡ್ಡಾಸ್ಪತ್ರೆಗೆ ಒಯ್ದು ಕಾಲು ನೆಟ್ಟಗೆ ಮಾಡಿಸುತ್ತೇವೆ ಎಂದು ದೊರೆಸಾನಿ ಸಾರಿಸಿದ್ದಳು. ಮುಳುಗು ಹಾಕಿದವರ ಮಗು ಮಾತ್ರ. "ಕೊನೇ ತನಕ ಮುಳುಗು, ಇಲ್ಲಾಂದ್ರೆ ಪೇಚ್ಚಿಯಮ್ಮಾಳ್ ಮೊಮ್ಮಗನ್ನ ಕಾರು ಹತ್ತಿಸ್ತೀನಿ," ಎಂದಿದ್ದ ಕಾಳಿಯಪ್ಪನ್. ಅದೇ ಗಾಡಿಯಲ್ಲಿ ಬರುತ್ತಿದ್ದ ಆ ಮುದುಕಿಯ ಮೊಮ್ಮಗನಿಗೂ ಕಾಲು ಕುಂಟೇ.

ಅದು ಅರವತ್ತನಾಲ್ಕರ ಬೇಸಿಗೆ. ಹಾರ್ಪರ್ ಗಂಡಹೆಂಡಿರು ಹಡಗಿನಲ್ಲಿ ಬಂದಿಳಿದವರು. ವಾರಕ್ಕೆ ಎರಡು ದಿನ ದೇವರ ಸೇವೆ. ಉಳಿದಂತೆ ತೇಕ್ಕಡಿಯ ಆನೆ, ಸುರುಳಿಯ ಅಬ್ಬಿ, ಕೊಡೈಕಾನಲಿನ ದೋಣಿ. ಆನೆಗೂ ಫೋಟೊ, ಅಬ್ಬಿಗೂ ಫೋಟೊ, ಬತ್ತಿದ ಕಾಲಿಗೂ ಫೋಟೊ. ಪ್ರತಿ ಮುಳುಗಿನ ನಂತರ ದೊರೆ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದ. ಆ ನೊರೆ ಹೊಳೆಯಲ್ಲಿ ತೇಲಿ ಬಂದು ಮುತ್ತುಮಾರಿಯ ಸೊಂಟಕ್ಕೆ ಅಂಟುತ್ತಿತ್ತು.

"ಅಣ್ಣಿ, ಇನ್ನೊಸಿ ಅಳು," ಎಂದ ಕಾಳಿಯಪ್ಪನ್ ಅತ್ತಿಗೆಗೆ, ದೊರೆಸಾನಿಯ ಎದುರಿಗೇ, ಭಕ್ತಿಯಿಂದ ಕೈ ಮುಗಿದುಕೊಂಡು. "ಸುಲಿದ ಗೆಣಸಿನಂಗೆ ನಿಂತವ್ಳಲ್ಲಾ ಈ ದೊರೆಸಾನಿ, ಇವಳಿಗೆ ಕಣ್ಣೀರು ಕಂಡ್ರೆ ಬಲು ಇಷ್ಟ."

ಅವನು ಆಡಿದ್ದು ಕನ್ನಡ. ಈ ಕಣಿವೆಯಲ್ಲಿ ಅವರಿಗೆ ಸಂತೆಗೆ ತಮಿಳು, ಒಲೆಯ ಮುಂದೆ ಕನ್ನಡ. ಹೊರಗಿನವರ ಎದುರು ಗುಟ್ಟು ಹೇಳಲು ಬಾಗಿಲು ಮುಚ್ಚುವ ಅಗತ್ಯವಿರಲಿಲ್ಲ. ಮಾತು ಬದಲಿಸಿದರೆ ಮುಗಿಯಿತು. ತಲೆತಲಾಂತರದಿಂದ ಹೀಗೇ. ತಮಿಳಿನ ಉಪದೇಶಿಗೂ ಒಂದಕ್ಷರ ತಿಳಿಯದು.

"ನಂಗೆ ವಾಂತಿ ಬರ್ತದೆ ತಂಬಿ," ಎಂದಳು ಮುತ್ತುಮಾರಿ. "ಎಷ್ಟು ಕಿತ ಸಾಯೋದು ಈ ನೀರಲ್ಲಿ? ಊರ್ಗೌಂಡ್ರಿಗೆ ತಿಳಿದ್ರೆ ಪಂತಿಯಿಂದ ಎಬ್ಬಿಸ್ತಾರೆ."

"ಯಾರು ಹೇಳೋರು? ಈ ಬೆಳ್ಳಕ್ಕಿ ಹೋಗಿ ಹೇಳ್ತದಾ?"

ಗಾಡಿಯ ಜನವೆಲ್ಲ ನಕ್ಕಿತು. ದೊರೆಸಾನಿಯೂ ನಕ್ಕಳು. ಅರ್ಥವಾಗದೆ ನಗುವವಳನ್ನು ಕಂಡು ಜನ ಇನ್ನಷ್ಟು ನಕ್ಕಿತು.

ಆಮೇಲೆ ಆಕೆ ನೇರ ಗಾಡಿಯ ಬಳಿ ಬಂದು ವಳ್ಳಿಯನ್ನು ಎತ್ತಿಕೊಂಡಳು. ಎಲ್ಲ ಊರಿನಲ್ಲೂ ವಳ್ಳಿಯನ್ನೇ ಎತ್ತಿಕೊಳ್ಳುತ್ತಿದ್ದಳು. ಎಲ್ಲ ಊರಿನಲ್ಲೂ ಹೊಸಬಳೆಂಬಂತೆ ಉಪದೇಶಿಯಿಂದ ಹೆಸರು ಕೇಳಿಸುತ್ತಿದ್ದಳು. ಕಾಳಿಯಪ್ಪನ್ ಪ್ರತಿ ಸಲ ಹೊಸ ಹೆಸರು ಕೊಡುತ್ತಿದ್ದ.

"ಕಣ್ಣಿದ್ದೂ ಕುರುಡಿ," ಎಂದ. "ಮಕ್ಕಳಿಲ್ಲದ ಬಂಜೆ. ಈ ಕುಂಟು ಹೆಣ್ಣನ್ನ ಯಾರು ಕಟ್ಕೋತಾರೆ ಅಣ್ಣಿ? ಇವಳೇ ಮಡಿಕ್ಕೊಳ್ಳಲಿ ಬುಡು, ನಿನ್ನ ಪೀಡೆ ಕಳೀತು."

"ನಿನ್ನ ನಾಲಿಗೆಗೆ ಹುಳ ಬೀಳ!" ಮುತ್ತುಮಾರಿ ಒದ್ದೆ ಸೆರಗು ಹಿಂಡಿ ಅವನ ಮುಖಕ್ಕೇ ಬೀಸಿದಳು. "ನನ್ನ ಕೂಸು ನಡಕ್ಕೊಂಡು ನನ್ನ ಹೊಸ್ತಿಲು ದಾಟ್ಬೇಕು. ಅದಕ್ಕೇ ಈ ಹೇಸಿಗೆ ಕುಡೀತಾ ಇರೋದು."

ದೊರೆಸಾನಿ ವಳ್ಳಿಯ ಕೂದಲು ನೇವರಿಸುತ್ತಲೇ ಇದ್ದಳು.

ಹೊರಡುವ ದಿನದ ಬೆಳಿಗ್ಗೆ ದೊರೆಯ ಬಂಗಲೆಯ ಮುಂದೆ ಕಾರು ನಿಂತಿತ್ತು. ಅವ್ವಂದಿರು ಮಕ್ಕಳ ಸೊಟ್ಟ ಕೈಕಾಲು ತೋರಿಸುತ್ತ ಸಾಲುಗಟ್ಟಿದ್ದರು, ದನದ ಸಂತೆಯಲ್ಲಿ ಹಲ್ಲು ತೋರಿಸುವ ಹಾಗೆ. ದೊರೆ ಮೂಗಿಗೆ ಕರ್ಚೀಫು ಹಿಡಿದು ಅತ್ತಿಂದಿತ್ತ ನಡೆದ. ದೊರೆಸಾನಿ ಸಾಲನ್ನು ನೋಡಲೂ ಇಲ್ಲ. ವಳ್ಳಿಯತ್ತ ಬೆರಳು ಮಾಡಿದಳು. ಪೇಚ್ಚಿಯಮ್ಮಾಳ್ ಮಣ್ಣು ತೂರಿ ಶಪಿಸಿ ಮೊಮ್ಮಗನನ್ನು ಎತ್ತಿಕೊಂಡು ಹೋದಳು.

ವಳ್ಳಿಗೆ ಚಿನ್ನಾಳಪಟ್ಟಿಯ ಬಟ್ಟೆಯಲ್ಲಿ ಹೊಲಿಸಿದ ಗೌನು ತೊಡಿಸಿದರು. ಮಡಿಲಿಗೆ ದಪ್ಪ ಉಣ್ಣೆಯ ಸ್ವೆಟರ್ ಇಟ್ಟರು.

"ಈ ಬಿಸಿಲಲ್ಲಿ ಉಣ್ಣೆ!" ಕಾಳಿಯಪ್ಪನ್ ಕಿಸಕ್ಕೆಂದ. "ಈ ಬೆಳ್ಳಕ್ಕಿಗೆ ತಲೆಯೂ ಕೆಟ್ಟದೆ."

ಮುತ್ತುಮಾರಿ ದೊರೆಸಾನಿಯ ಕಾಲಿಗೆ ಬಿದ್ದಳು. ಬೂಟಿಗೆ ತಾಗಿದ ಹಣೆಯನ್ನು ಸೆರಗಿನಿಂದ ಒರೆಸಿಕೊಂಡಳು. ಎದ್ದು, ಕಾರಿನ ಬಾಗಿಲಲ್ಲಿ ಬಗ್ಗಿ, ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಕೇಳು ಕಣ್ಣು. ಅವರು ಕೊಟ್ಟದ್ದು ತಿನ್ನು. ಮಂಡಿ ಊರು ಅಂದ್ರೆ ಊರು. ಬಾಯಲ್ಲಿ ಏನಾರ ಅನ್ನು."

"ಅವ್ವಾ, ದೊರೆಸಾನಿ ಇಲ್ಲೇ ಅವಳೆ."

"ಇರ್ಲಿ ಬುಡು, ಕಂಬ ಇದ್ದಂಗೆ. ಕಾಲು ಒಂದು ನೆಟ್ಟಗಾಗ್ಲಿ. ಆಮ್ಯಾಲೆ ಬಂದು ಕರ್ಕೊಂಡೋಗ್ತೀನಿ. ನಮ್ಮ ದೇವರ ದನಗಳ ದೊಡ್ಡೀಲಿ ಗಂಜಲ ಹೊಯ್ದು, ತಲೆಯಿಂದ ಕಾಲ್ತನಕ ತೊಳೆದು ಮನೆಗೆ ಸೇರಿಸ್ಕೋತೀನಿ. ಇವರ ನಾತ ಒಂದು ಚೂರೂ ಉಳಿಯಾಕಿಲ್ಲ. ಈ ಗುಟ್ಟು ಯಾರಿಗೂ ಹೇಳಬ್ಯಾಡ, ಆಯ್ತಾ?"

ವಳ್ಳಿ ತಲೆಯಾಡಿಸಿದಳು. ಬಾಗಿಲು ಮುಚ್ಚಿತು. ಉಪದೇಶಿ ಸ್ತೋತ್ರ ಎಂದ, ಎಲ್ಲರೂ ಸ್ತೋತ್ರ ಎಂದರು. ಇಂಜಿನ್ ಗುಡುಗಿತು. ಕಾರು ಉರುಳತೊಡಗಿದಾಗ ದೊರೆಸಾನಿ ಗಾಜು ಇಳಿಸಿ ಮುಖ ಹೊರಗೆ ಹಾಕಿದಳು.

"ತೊಳೆದು ಮನೆಗೆ ಸೇರಿಸಿಕೊಳ್ಳುವ ಕಷ್ಟ ನಿನಗೆ ಬೇಡ, ಮುತ್ತುಮಾರಿ," ಎಂದಳು, ಬಳ್ಳಾರಿಯ ಬಿಳಿ ಪಾದ್ರಿಯ ಮನೆಯಲ್ಲಿ ಹುಟ್ಟಿ ಬೆಳೆದವಳ ಅಚ್ಚ ಕನ್ನಡದಲ್ಲಿ, "ವಳ್ಳಿ ನಮ್ಮ ಜೊತೆ ಹಡಗು ಹತ್ತುತ್ತಾಳೆ."